ಹಿತ್ತಲಿನ ಹಾಟ್ ಟಬ್ಬು

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ನಮ್ಮ ಮನೆಯವರಿಗೆ ನಮಸ್ಕಾರ.

ನಿಮ್ಮ ಸೊಂಟ ಹೇಗಿದೆ? ಅತ್ತಿಗೆಯವರ ಮನೆಯ ಹಾಸಿಗೆ ಗಟ್ಟಿಯೋ ಮೆತ್ತಗೋ? ಮೆತ್ತಗಿದ್ದರೆ ನೆಲದ ಮೇಲೆ ಹಾಸಿಕೊಂಡು ಮಲಗಿ. ಜೀವಮಾನವೆಲ್ಲ ಬಸ್ಸಿನ ಸ್ಟಿಯರಿಂಗ್ ಹಿಡಿದು ಸವೆದ ಬೆನ್ನು ಅದು, ಮರ್ಯಾದೆಗೆಂದು ಅದನ್ನು ಹಾಳುಮಾಡಿಕೊಳ್ಳಬೇಡಿ. ನಿಮ್ಮ ಅಕ್ಕನಿಗೆ ಹೇಳಲು ಸಂಕೋಚವಾದರೆ ನಾನು ಹೇಳಿದೆ ಎನ್ನಿ. ಹೇಗೂ ನನ್ನ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವೇನೂ ಇಲ್ಲ. ಮಾತ್ರೆ ಊಟವಾದ ಮೇಲೆ, ಮೊದಲಲ್ಲ. ಇಲ್ಲಿ ಮಗ, ಸೊಸೆ, ನಾನು ಚೆನ್ನಾಗಿದ್ದೇವೆ. ಇದಕ್ಕೆಲ್ಲ ಕಾಗದ ಯಾಕೆ, ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಫೋನಿನಲ್ಲಿ ನಿಮ್ಮ ಜೊತೆ ನನಗೆ ಬರುವುದು ಜಗಳ ಒಂದೇ.

"ನಾಲ್ಕು ದಿನ ಅಕ್ಕನನ್ನು ನೋಡಿಕೊಂಡು ಬರ್ತೀನಿ" ಎಂದು ಚೀಲ ಹಿಡಿದು ಹೊರಟಿರಿ. ನಾಲ್ಕು ದಿನ ಹೋಗಿ ತಿಂಗಳಾಯಿತು. ಕಾರಣ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಸೊಸೆಯ ಅಪ್ಪ ಅಮ್ಮ ಊಟಕ್ಕೆ ಬಂದ ದಿನ ನೀವು ಹಿತ್ತಲಿನಲ್ಲಿ ಹಾಟ್ ಟಬ್ಬಿನ ಬಿಸಿನೀರಿನೊಳಗೆ ಕೂತಿದ್ದಿರಿ. "ನಮ್ಮ ಯಜಮಾನರು ಕೆರೆ ಸಿಕ್ಕಿದ ಎಮ್ಮೆ, ಕೋಲು ತಗೊಂಡು ಹೋದರೇನೇ ಏಳೋದು" ಎಂದೆ. ಬೀಗರು ನಕ್ಕರು, ನೀವೂ ನಕ್ಕಿರಿ, ಮಾರನೆಯ ಬೆಳಿಗ್ಗೆ ಹೊರಟಿರಿ. ಒಂದು ಮಾತಿಗೆ ಇಷ್ಟು ಮುನಿಸೇ, ಹೋದ ದಾರಿಯಲ್ಲೇ ತಾವಾಗಿ ಬರಲಿ ಎಂದು ನಾನೂ ಬಿಗಿದುಕೊಂಡು ಕೂತೆ.

ನೀವು ಹೋದ ದಿನವೇ ಟಬ್ಬಿನ ಪ್ಲಗ್ ಕಿತ್ತೆ. ಯಾರೂ ಕೂರದ ನೀರನ್ನು ಹಗಲೂ ಇರುಳೂ ಕಾಯಿಸುವುದು ಯಾವ ನ್ಯಾಯ? "ಅಗ್ಗದ್ದು ಕಣೇ, ಗಾಳಿ ತುಂಬಿದರೆ ಗೋಡೆ, ನೀರು ತುಂಬಿದರೆ ಟಬ್ಬು" ಎಂದು ನೀವು ಅದನ್ನು ಮನೆಗೆ ತಂದಾಗಲೇ ನಾನು ಹೇಳಿದ್ದೆ, ಅಗ್ಗದ ವಸ್ತುವನ್ನು ಕೊಳ್ಳುವುದು ಸುಲಭ, ಸಾಕುವುದು ಕಷ್ಟ ಎಂದು. ಪಂಪು ನಿಂತ ಮೇಲೆ ನೀರು ಹಸಿರಾಯಿತು, ಒಳಗೋಡೆಯೆಲ್ಲ ಲೋಳೆ. ಪಾಚಿ ಕಟ್ಟಿದ್ದನ್ನು ಇಟ್ಟುಕೊಂಡು ನಿದ್ದೆ ಮಾಡುವವಳೇ ನಾನು? ನೀರು ಬಸಿದು ಬಟ್ಟೆ ಒಗೆಯುವ ಪುಡಿ ಹಾಕಿ ತಿಕ್ಕಿದೆ. ಈ ಮನೆಯಲ್ಲಿ ನಾನು ಪುಡಿ ಹಾಕಿ ತಿಕ್ಕದ ವಸ್ತು ಯಾವುದಿದೆ ಹೇಳಿ. ಆ ಫಿಲ್ಟರನ್ನೂ ಬಿಡಲಿಲ್ಲ, ಪುಡಿಯಲ್ಲೇ ನೆನೆಹಾಕಿದೆ. ಬರೀ ನೀರಿನಲ್ಲಿ ತೊಳೆಯಬೇಕು ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ಇದೆಯಂತೆ. ಹೈಸ್ಕೂಲು ಓದಿದವಳು ತೊಳೆಯುವುದಕ್ಕೂ ಪುಸ್ತಕ ನೋಡಬೇಕೇ ಎಂದು ಅದನ್ನು ತೆರೆದೇ ಇರಲಿಲ್ಲ. ಹೊಸ ನೀರು ತುಂಬಿ, ಮಗನ ಕೈಲಿ ಎಲ್ಲ ಗುಂಡಿಗಳನ್ನೂ ಒತ್ತಿಸಿದೆ. ಹಾಲು ಉಕ್ಕಿದ ಹಾಗೆ ನೊರೆ ಎದ್ದಿತು. ಒಲೆ ಆರಿಸಿದರೆ ಹಾಲು ಇಳಿಯುತ್ತದೆ, ಇದು ಗುಂಡಿ ಆರಿಸಿದರೂ ಇಳಿಯದೆ ಹಿತ್ತಲು ತುಂಬಿ ಕಾಂಪೌಂಡು ದಾಟಿತು. ಪಕ್ಕದ ಮನೆಯ ಟೈಲರಮ್ಮ ಕತ್ತು ಚಾಚಿ, "ಏನಮ್ಮಾ, ಮೋಡಾನೇ ಇಳಿಸಿಬಿಟ್ಟಿದ್ದೀರಲ್ಲ ಹಿತ್ತಲಿಗೆ. ನಮ್ಮ ಒಣಗಿದ ಬಟ್ಟೇನೂ ಇನ್ನೊಂದ್ಸಲ ಒಗೆದುಕೊಟ್ಟಿರಿ, ದೊಡ್ಡ ಉಪಕಾರ" ಎಂದಳು. ಮೊಣಕಾಲುದ್ದ ನೊರೆಯಲ್ಲಿ ಬಕೆಟ್ ಹಿಡಿದು ನಿಂತಿದ್ದ ನನಗೆ ತಲೆ ಎತ್ತಲಾಗಲಿಲ್ಲ. ಮಗ, ಸೊಸೆ ಇಬ್ಬರೂ ಏನೋ ನೆನಪಾದವರ ಹಾಗೆ ಒಳಗೆ ಓಡಿದರು. ನಗುವುದಕ್ಕೆ ಹೋದರು ಎಂದು ನನಗೆ ತಿಳಿಯದೇ?

ತುಂಬಿ ಬಸಿದು, ತುಂಬಿ ಬಸಿದು, ಕೊನೆಗೆ ನೀರು ತಿಳಿಯಾಯಿತು. ನೀರು ಕೆಡದಿರಲೆಂದು ನೀವು ಹಾಕುತ್ತಿದ್ದ ಬಿಲ್ಲೆ ಹಾಕಿ, ಮುಚ್ಚಳ ಮುಚ್ಚಿ ಬಿಸಿಗೆ ಬಿಟ್ಟೆ. ಮಾರನೆಯ ದಿನ ಕಾದಿದೆಯೇ ಎಂದು ಕೈ ಅದ್ದಿದೆ. ತಿಕ್ಕಿ ತಿಕ್ಕಿ ಮಂಡಿ ಹಿಡಿದುಕೊಂಡಿತ್ತು, ಒಂದು ಕಾಲು ಇಳಿಬಿಟ್ಟೆ. ಆಮೇಲೆ ಇನ್ನೊಂದನ್ನು ಹೊರಗಿಟ್ಟುಕೊಂಡು ಏನು ಮಾಡಲಿ? ಹಳೆಯ ನೈಟಿಯಲ್ಲೇ ಕತ್ತಿನವರೆಗೆ ಕೂತೆ. ಎಮ್ಮೆಯ ಸುಖ ಏನೆಂದು ತಿಳಿಯಿತು. ನೀರಿನಲ್ಲಿ ಗುಳ್ಳೆ ಎಬ್ಬಿಸುವ ಗುಂಡಿಯ ಸದ್ದು ನನಗೆ ಆಗದು, ಅದನ್ನು ಹಾಕಿರಲಿಲ್ಲ. ಅದರಿಂದಲೇ ಕಿವಿಗೆ ಬಿತ್ತು. ತಲೆಯ ಮೇಲೇ ಅಡುಗೆಮನೆಯ ಕಿಟಕಿ, ಒಳಗೆ ಸೊಸೆ ಅವಳ ಅಮ್ಮನ ಜೊತೆ ಫೋನಿನಲ್ಲಿದ್ದಳು. "ಮಾವ ಇಲ್ಲ ನೋಡು, ಅತ್ತೆಗೆ ಬೈಯೋಕೆ ಯಾರೂ ಇಲ್ಲ. ಪಾಪ, ಪಂಪಿಗೇ ಬೈತಾ ಇರ್ತಾರೆ" ಎಂದಳು. ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟ. ನನ್ನನ್ನು ಈವರೆಗೆ ಯಾರೂ ಪಾಪ ಎಂದಿರಲಿಲ್ಲ. ಕೋಪ ಬರಬೇಕಿತ್ತು. ಅದಕ್ಕೂ ಮೊದಲು ಬೇರೊಂದು ಯೋಚನೆ ಬಂದು, ಅಷ್ಟು ಬಿಸಿನೀರಿನಲ್ಲೂ ಮೈ ತಣ್ಣಗಾಯಿತು.

ಅದೇ ಅಡುಗೆಮನೆಯಲ್ಲಿ ನಿಂತು ದಿನಾ ಸಂಜೆ ನನ್ನ ತಂಗಿಯ ಜೊತೆ ಮಾತಾಡುವವಳು ನಾನು. ಅದೇ ಹೊತ್ತಿಗೆ ಹೊರಗೆ ಆ ಕಿಟಕಿಯ ಕೆಳಗೆ ಟಬ್ಬಿನಲ್ಲಿ ಕೂರುವವರು ನೀವು. "ದುಡಿಯುವಾಗ ಮನೆಗೆ ಬರಲಿಲ್ಲ, ಈಗ ಮನೆ ಬಿಟ್ಟು ಹೋಗಲ್ಲ" ಎಂದಿದ್ದೇನೆ. "ಅವರು ಬಸ್ಸಿನಲ್ಲಿದ್ದಾಗಲೇ ಈ ಮನೆ ಚೆನ್ನಾಗಿತ್ತು" ಎಂದಿದ್ದೇನೆ. ಈ ಕಾಗದದಲ್ಲಿ ಅದರ ಕೆಳಗೆ, ತಂಗಿಯನ್ನು ನಗಿಸಲು ಹೇಳಿದ್ದು ಎಂದು ಬರೆದು ಹೊಡೆದುಹಾಕಿದ್ದೇನೆ, ಆ ಸಾಲು ಓದಬೇಡಿ. ನಾನು ಫೋನ್ ಎತ್ತಿದ ಕೂಡಲೇ ಹೊರಗೆ ಗುಳ್ಳೆಯ ಸದ್ದು ಶುರುವಾಗುತ್ತಿತ್ತು. "ಅದನ್ನು ಆರಿಸಿ, ನನ್ನ ಮಾತು ನನಗೇ ಕೇಳಿಸ್ತಿಲ್ಲ" ಎಂದು ಕಿಟಕಿಯಿಂದ ಗದರುತ್ತಿದ್ದೆ. ನೀವು ಆರಿಸುತ್ತಿದ್ದಿರಿ. ಆಮೇಲೆ ಮೈ ಒರೆಸಿಕೊಂಡು ಬಂದು ಊಟಕ್ಕೆ ಕೂತು, "ಇವತ್ತು ಅಡುಗೆ ಚೆನ್ನಾಗಿದೆ" ಎನ್ನುತ್ತಿದ್ದಿರಿ. ಒಂದು ದಿನವಾದರೂ ಉಪ್ಪು ಜಾಸ್ತಿ ಎಂದು ತಟ್ಟೆ ತಳ್ಳಬಾರದಿತ್ತೇ?

ಅತ್ತಿಗೆಯವರಿಗೆ ನನ್ನ ನಮಸ್ಕಾರ ಹೇಳಿ, ಕಾಗದ ಮಾತ್ರ ಓದಿ ಹೇಳಬೇಡಿ. ಮಗ, ಸೊಸೆ ನಿಮ್ಮನ್ನು ಕೇಳಿದ್ದಾರೆ. ದೇವರು ನಿಮ್ಮ ಬೆನ್ನು ಕಾಯಲಿ.

ಇಂತಿ,
ನಿಮ್ಮ ಮನೆಯವಳು

ಮತ್ತೊಂದು ಮಾತು: ಕಾಗದ ಅಂಚೆಗೆ ಹಾಕಲು ಮಗ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಭಾನುವಾರ ಬೀಗರನ್ನು ಮತ್ತೆ ಊಟಕ್ಕೆ ಕರೆದಿದ್ದೇನೆ. ಎಮ್ಮೆ ಎಂದ ಮಾತನ್ನು ಅವರ ಎದುರಿಗೇ ವಾಪಸ್ಸು ತಗೊಳ್ಳುತ್ತೇನೆ, ಅದು ಸುಲಭ. ಅಡುಗೆಮನೆಯ ಮಾತಿಗೆ ನಿಮ್ಮ ಮುಖ ನೋಡಿಕೊಂಡು ತಪ್ಪಾಯಿತು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಶನಿವಾರವೇ ಬಂದುಬಿಡಿ. ನೀರು ಬಿಸಿ ಇಟ್ಟಿರುತ್ತೇನೆ. ನೀವು ಹೊರಗೆ ಕೂತಿರಿ, ನಾನು ಒಳಗೆ ಒಲೆಯ ಹತ್ತಿರ ನಿಂತು ಹೇಳುತ್ತೇನೆ. ನಾನು ಮುಗಿಸುವವರೆಗೆ ಗುಳ್ಳೆ ಹಾಕಬೇಡಿ.