ಬುದ್ಧಿವಂತ ಒಲೆ, ಉಕ್ಕದ ಹಾಲು

ನೈರೋಬಿ, ಆಗಸ್ಟ್ ೧೭, ಭಾನುವಾರ

ಈ ಪುಟವನ್ನೇ ನ್ಯಾಯಪೀಠವೆಂದು ಭಾವಿಸಿ ತಪ್ಪೊಪ್ಪಿಕೊಳ್ಳುತ್ತೇನೆ: ಇವತ್ತಿನ ಗೃಹಪ್ರವೇಶದಲ್ಲಿ ಹಾಲು ತಾನಾಗಿ ಉಕ್ಕಲಿಲ್ಲ.

ತಪ್ಪು ಹೊಸ ಕರೆಂಟ್ ಒಲೆಯದು. ಹಾಲು ಅಂಚಿಗೆ ಬಂದೊಡನೆ ತಾನೇ ಆರಿಹೋಗುವಷ್ಟು ಬುದ್ಧಿವಂತ ಒಲೆ. ನನ್ನ ಹೆಂಡತಿ ವಿಜಿಯ ಮುಖ ಬಾಡಿತು. ಊರಂಚಿನ ಈ ಬಯಲನ್ನು ನೋಡಿದಾಗಿನಿಂದ ಅವಳದು ಒಂದೇ ಮಾತು: "ಗಿಡ ಇಲ್ಲ, ನಲ್ಲೀಲಿ ನೀರಿಲ್ಲ, ಬರೀ ಧೂಳು. ಮರಳುಗಾಡು ಕಣ್ರೀ ಇದು. ಹಾಲು ಉಕ್ಕದಿದ್ರೆ ನಾನು ವಾಪಸ್ ಸೌತ್ ಬಿ ಬಡಾವಣೆಯ ಹಳೇ ಮನೆಗೆ."

ಉಕ್ಕಿನ ಕಾರ್ಖಾನೆಯ ಎಂಜಿನಿಯರ್‌ಗೆ ಉಕ್ಕಿಸುವುದೇನು ಮಹಾ! ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಾಗ ಪಾತ್ರೆಯನ್ನು ಪೂರ್ವಕ್ಕೆ ಬಗ್ಗಿಸಿದೆ.

"ಅಪ್ಪಾ, ಇಟ್ಸ್ ಓವರ್‌ಫ್ಲೋಯಿಂಗ್!" ಎಂದು ಮಗಳು ಸಾನ್ವಿ ಕಿರುಚಿದಳು. ವಿಜಿ ಕಣ್ಣೊರೆಸಿಕೊಂಡು ನಕ್ಕಳು, ಊಟವಾದ ಮೇಲೆ ಪೆಟ್ಟಿಗೆಗಳನ್ನೂ ಬಿಚ್ಚತೊಡಗಿದಳು. ಮರಳುಗಾಡಿನಲ್ಲಿ ಸಂಸಾರ ನೆಟ್ಟವನು ನಾನು, ನರಪಿಳ್ಳೆಗೂ ಗೊತ್ತಾಗಲಿಲ್ಲ.

ಹಾಗೆಂದೇ ಈಗಿನವರೆಗೆ ನಂಬಿದ್ದೆ. ನನ್ನ ಸುಟ್ಟ ಬೆರಳುಗಳಿಗೆ ಮುಲಾಮು ಹಚ್ಚುತ್ತಾ ವಿಜಿ ಹೇಳಿದಳು: "ಬಟ್ಟೆ ಹಿಡ್ಕೋಬಾರ್ದೇನ್ರೀ? ನಾನೂ ಒಂದು ಕಣ್ಣು ಬಿಟ್ಕೊಂಡೇ ಇದ್ದೆ. ನೀವು ಇನ್ನೊಂಚೂರು ತಡ ಮಾಡಿದ್ರೆ ನಾನೇ ಬಗ್ಗಿಸ್ತಿದ್ದೆ."