ಎರವಲು ಕೊಟ್ಟ ವಿಮಾನ

ಸರಾತೊವ್, ಫೆಬ್ರವರಿ 1943

ಪ್ರಸ್ಕೋವ್ಯಾ ಅಮ್ಮನವರಿಗೆ ನಮಸ್ಕಾರ.

ಬೇರೆ ಕೈಬರಹ ನೋಡಿ ಗಾಬರಿಯಾಗಬೇಡಿ, ನಿಮ್ಮ ಗ್ಲೆಬ್ ಬದುಕಿದ್ದಾನೆ. ಕೈಗಳು ಸುಟ್ಟಿವೆ. ಅವನು ಹೇಳುತ್ತಿದ್ದಾನೆ, ಅವನ ವಿಮಾನದ ಮೆಕ್ಯಾನಿಕ್ ನಾನು ಬರೆಯುತ್ತಿದ್ದೇನೆ.

ಊರಿನ ಮೇಲೆ ಬಂದ ಜರ್ಮನ್ ಬಾಂಬರ್ ವಿಮಾನವನ್ನು ಅಟ್ಟುವಾಗ ಇವನ ವಿಮಾನಕ್ಕೆ ಬೆಂಕಿ ಹತ್ತಿತು. ಪ್ಯಾರಾಚೂಟ್ ಕಟ್ಟಿಕೊಂಡಿದ್ದರೂ ಜಿಗಿಯದೆ, ಉರಿಯುವ ವಿಮಾನವನ್ನು ಇಳಿಸಿಯೇ ಬಂದ. "ಯಾಕೋ ಜಿಗೀಲಿಲ್ಲ?" ಎಂದು ನಾನು ಕೇಳಿದರೆ, "'ವಿಮಾನ ನಂದು, ನಿಂಗೆ ಎರವಲು ಕೊಟ್ಟಿದ್ದೀನಿ, ಒಂದು ಗೀರು ಬಿದ್ರೂ ನೋಡು' ಅಂತ ದಿನಾ ಅಂತಿದ್ದೋಳು ನೀನೇ ಅಲ್ವೇನೇ?" ಎನ್ನುತ್ತಾನೆ. ನಮ್ಮ ರೆಜಿಮೆಂಟಿನ ಮೆಕ್ಯಾನಿಕ್‌ಗಳೆಲ್ಲ ಪೈಲಟ್‌ಗಳನ್ನು ಹೀಗೇ ಗದರಿಸುವುದು.

"ಅದನ್ನೆಲ್ಲ ಬರೀಬೇಡ್ವೇ" ಎನ್ನುತ್ತಿದ್ದಾನೆ. ಪೆನ್ಸಿಲ್ ನನ್ನ ಕೈಯಲ್ಲಿದೆ.

ಒಂದು ಉಪಕಾರ ಮಾಡಿ. ಇನ್ನೊಮ್ಮೆ ಹೀಗಾದರೆ ಜಿಗಿದುಬಿಡು ಎಂದು ನೀವೇ ಬರೆಯಿರಿ. ನಾನು ಹೇಳಿದರೆ ನಗುತ್ತಾನೆ. ನಿಮ್ಮ ಕಾಗದ ಅವನಿಗೆ ಓದಿ ಹೇಳುವವಳು ನಾನೇ. ಆ ಸಾಲನ್ನು ಎರಡು ಸಲ ಓದುತ್ತೇನೆ.

ನಿಮ್ಮ
ಜಿನಾ