ಎರಡು ಗಂಟೆಗೆ ಮಾತ್ರ

ಸೆಪ್ಟೆಂಬರ್ 5, ಶುಕ್ರವಾರ

ಈ ಕಥೆ ಮೊದಲು ಹೇಳಿದವನು ದಿಲೀಪ್. ನಿನ್ನೆ ಮಧ್ಯಾಹ್ನ, ನಮ್ಮ ಸರ್ವರ್ ರೂಮಿನ ನೆಲದ ಮೇಲೆ ಕೂತು ಕೇಬಲ್ ಬದಲಿಸುತ್ತಾ.

"ಅಕ್ಕ, ನಮ್ ಕಂಪನೀನ ಮಾರ್ಬುಟ್ರು ಕಣಕ್ಕ."

ಅವನ ಕಂಪನಿ ಕಿಲ್ಲೇದಾರ್ ನೆಟ್‌ವರ್ಕ್ಸ್. ವಿಜಯನಗರದಲ್ಲಿ ಮೂವತ್ತು ಜನರ ಆಫೀಸು. ಕಡಕೊಳದ ನಮ್ಮ ಸಲೈನ್ ಕಾರ್ಖಾನೆಯ ಫೈರ್‌ವಾಲ್ ಪೆಟ್ಟಿಗೆ ಅವರದೇ. ಹೊರಗಿನ ಕಳ್ಳರು ನಮ್ಮ ಕಂಪ್ಯೂಟರುಗಳಿಗೆ ನುಗ್ಗದಂತೆ ತಡೆಯುವ ಬಾಗಿಲು. ಕೊಂಡವರು ಇಷ್ಟು ವರ್ಷ ಪ್ರತಿ ಟೆಂಡರಿನಲ್ಲೂ ಅವರೊಡನೆ ಗುದ್ದಾಡುತ್ತಿದ್ದ ದೊಡ್ಡ ಕಂಪನಿ.

ನಾನು ನಕ್ಕೆ. "ನಮ್ಮಜ್ಜಿ ಬೆಟ್ಟಮ್ಮನ ಕಥೇಲಿ ರಾಕ್ಷಸ ನುಂಗಿದೋರೆಲ್ಲ ಹೊಟ್ಟೆ ಸೀಳ್ಕೊಂಡು ಈಚೆ ಬರ್ತಾರೆ ಕಣೋ."

"ಆ ರಾಕ್ಷಸ ಹಂಗೇ ನುಂಗ್ತಿದ್ದ. ಇವ್ರು ಅಗಿದು ನುಂಗ್ತಾರಕ್ಕ."

ಅವನು ನಗಲಿಲ್ಲ.

ಸೆಪ್ಟೆಂಬರ್ 12

ಸುಂದರೇಶ ಬಂದಿದ್ದರು. ಆ ದೊಡ್ಡ ಕಂಪನಿಯ ಸೇಲ್ಸ್‌ನವರು. ನಾಲ್ಕು ವರ್ಷದ ಹಿಂದೆ ಇವರನ್ನು ಬೇಡವೆಂದು ಹಟ ಹಿಡಿದು ಕಿಲ್ಲೇದಾರ್ ತರಿಸಿದವಳು ನಾನು. ಅವರು ಮರೆತಿಲ್ಲ.

"ಏನ್ ಪವಿತ್ರಾ ಮೇಡಂ, ಅವತ್ತು ಒಲ್ಲೆ ಅಂದ್ರಿ. ಈಗ ಅದೇ ಮನೇಗೆ ಸೊಸೆಯಾಗಿ ಬಂದ್ರಲ್ಲ!"

ಮಹೇಂದ್ರ ಸರ್, ನಮ್ಮ ಐಟಿ ಮ್ಯಾನೇಜರು, ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ.

ಹಳೆಯ ಪೆಟ್ಟಿಗೆಗೆ ಡಿಸೆಂಬರ್‌ವರೆಗೆ ಮಾತ್ರ ಸಪೋರ್ಟ್. ಆಮೇಲೆ ಅವರ ಹೊಸ ಪ್ಲಾಟ್‌ಫಾರ್ಮ್. ಆಂಟಿವೈರಸ್, ಇಮೇಲ್, ಬ್ಯಾಕಪ್ ಎಲ್ಲ ಸೇರಿಸಿ ಒಂದೇ ಗಂಟು. ಬಿಡಿಯಾಗಿ ಕೊಡುವುದಿಲ್ಲ.

"ಬೇರೆ ಕಂಪನಿಯವ್ರನ್ನ ಕೇಳ್ತೀವಿ" ಅಂದೆ.

"ಕೇಳಿ ಮೇಡಂ. ಈ ಕಡೆ ಇದ್ದ ಇನ್ನಿಬ್ರನ್ನೂ ನಾವೇ ತಗೊಂಡಿದೀವಿ."

ಸೆಪ್ಟೆಂಬರ್ 19

ದಿಲೀಪನನ್ನು ಕೆಲಸದಿಂದ ತೆಗೆದರು. ಫೋನ್ ಮಾಡಿದ್ದ. ಎರಡು ವಾರದಿಂದ ಕೂರಿಸಿ ಬರೆಸಿಕೊಂಡರಂತೆ — ಹದಿನಾರು ಗ್ರಾಹಕರು, ಯಾರ ಪೆಟ್ಟಿಗೆ ಎಲ್ಲಿ, ಯಾವ ಹೆಸರು, ಯಾವ ಪಾಸ್‌ವರ್ಡು.

"ನನ್ ತಲೇನ ಬಗ್ಗಿಸಿ ಎಕ್ಸೆಲ್‌ಗೆ ಸುರ್ಕೊಂಡ್ರು ಕಣಕ್ಕ. ಖಾಲಿಯಾದ್ಮೇಲೆ ಹೋಗು ಅಂದ್ರು."

ಇನ್ನು ಪೆಟ್ಟಿಗೆ ಕೆಟ್ಟರೆ ಯಾರನ್ನು ಕರೆಯಲಿ? ಹೊಸ ಹೆಲ್ಪ್‌ಲೈನಿಗೆ ಫೋನ್ ಮಾಡಿ ನೋಡಿದೆ. ಯಂತ್ರದ ಹೆಂಗಸು ಮಾತಾಡಿದಳು. ಟಿಕೆಟ್ ನಂಬರ್ ಕೊಟ್ಟಳು. ಅಷ್ಟೇ.

ಅಕ್ಟೋಬರ್ 1, ಆಯುಧಪೂಜೆ

ಎಲ್ಲ ಯಂತ್ರಗಳೂ ನಿಂತಿದ್ದವು. ಪ್ರತಿ ವರ್ಷ ದಿಲೀಪನೇ ಬಂದು ಪೆಟ್ಟಿಗೆ ಆಫ್ ಮಾಡಿ, ಕುಂಕುಮ ಇಟ್ಟು, ಚೆಂಡುಹೂ ಮುಡಿಸುತ್ತಿದ್ದ. ಈ ಸಲ ನಾನೇ ಮಾಡಿದೆ. ಮಂಗಳಾರತಿ ಆದ ಮೇಲೆ ಆನ್ ಮಾಡಿದೆ.

ಆನ್ ಆಗುವಾಗ ಒಂದು ಸಾಲು ತೋರಿಸುತ್ತದೆ, ಕೊನೆಯ ಬಾರಿ ಹೊರಗಿನಿಂದ ಯಾರು ಒಳಗೆ ಬಂದರು ಎಂದು.

ಟೆಂಪ್ ದಿಲೀಪ್. ಈವತ್ತು ಬೆಳಿಗ್ಗೆ 6:40.

ಇನ್ನೊಮ್ಮೆ ಓದಿದೆ. ಆಮೇಲೆ ನೆನಪಾಯಿತು. ಎರಡೂವರೆ ವರ್ಷದ ಹಿಂದೆ ಪೆಟ್ಟಿಗೆ ಕೈಕೊಟ್ಟು ಬಾಟಲಿ ಲೈನ್ ನಿಂತುಹೋಗಿತ್ತು. ದಿಲೀಪ್ ತಂಗಿಯ ಮದುವೆಯಲ್ಲಿದ್ದ. ಅಲ್ಲಿಂದಲೇ ಸರಿಮಾಡಲೆಂದು ನಾನೇ ಅವನಿಗೆ ಆ ತಾತ್ಕಾಲಿಕ ಹೆಸರು ಕೊಟ್ಟು ಒಂದು ದಾರಿ ತೆರೆದೆ. ಓಟಿಪಿ ಇಲ್ಲ, ಏನೂ ಇಲ್ಲ. ಪಕ್ಕದಲ್ಲಿ ಷರಾ ಬರೆದಿದ್ದೆ: "ಎರಡು ಗಂಟೆಗೆ ಮಾತ್ರ." ಮುಚ್ಚಲು ಮರೆತಿದ್ದೆ. ಮಹೇಂದ್ರ ಸರ್‌ಗೂ ಹೇಳಿರಲಿಲ್ಲ.

ಅಂದರೆ ದಿಲೀಪ್ ಈಗಲೂ ಬಂದು ನೋಡಿಹೋಗುತ್ತಿದ್ದಾನೆ. ಕೆಲಸ ಹೋದ ಮೇಲೂ. ಹಬ್ಬದ ಬೆಳಿಗ್ಗೆಯೂ. ಕಣ್ಣು ತುಂಬಿತು.

ಪ್ರಸಾದ ತಂದ ಗೆಳತಿ ಅಂಬುಜಾ ನೋಡಿಬಿಟ್ಟಳು. "ಯಾಕೆ ಅಳ್ತಿದೀಯೆ?"

"ಧೂಪ ಕಣೆ."

ದಾರಿ ಮುಚ್ಚಲಿಲ್ಲ. ಯಾರು ಯಾವಾಗ ಬಂದರೆಂಬ ಹಳೆಯ ಲಾಗ್ ತೆಗೆದು ನೋಡಲೂ ಇಲ್ಲ.

ಅಕ್ಟೋಬರ್ 11, ಶನಿವಾರ, ಸಂಜೆ

ದಿಲೀಪನ ಫೋನ್ ಹತ್ತು ದಿನದಿಂದ ಸ್ವಿಚ್ ಆಫ್. ಕಂಪನಿ ಸಿಮ್ಮು, ವಾಪಸ್ ಕೊಟ್ಟಿದ್ದಾನೆ. ದಟ್ಟಗಳ್ಳಿಯಲ್ಲಿ ಭಾವನ ಮೊಬೈಲ್ ಅಂಗಡಿಯಲ್ಲಿ ಕೂತಿದ್ದಾನೆಂದು ತಿಳಿಯಿತು. ಮಧ್ಯಾಹ್ನ ಹೋದೆ. ಥ್ಯಾಂಕ್ಸ್ ಹೇಳೋಣವೆಂದು.

"ಹಬ್ಬದ ಬೆಳಿಗ್ಗೇನೂ ನಮ್ ಪೆಟ್ಟಿಗೆ ನೋಡ್ಕೊತಿದೀಯಲ್ಲೋ. ನಿನ್ ಋಣ ಎಂಗೆ ತೀರಿಸ್ಲಿ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಯಾವ್ ಪೆಟ್ಟಿಗೆ? ಅಕ್ಕ, ನಾನು ಲ್ಯಾಪ್‌ಟಾಪ್ ಕೊಟ್ಬುಟ್ಟು ಮೂರು ವಾರ ಆಯ್ತು. ಆ ಪಾಸ್‌ವರ್ಡೂ ಮರ್ತೋಗದೆ."

"ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಎಕ್ಸೆಲ್‌ನಲ್ಲಿ ಬರ್ದಿದ್ದೆ."

"ಅದು ಯಾರ ಹತ್ರ ಐತೆ?"

"ಯಾರ ಹತ್ರ ಇಲ್ಲ ಅಂತ ಕೇಳಕ್ಕ. ನಲವತ್ತು ಜನಕ್ಕೆ ಮೇಲ್ ಹೋಯ್ತು. ಅವ್ರಲ್ಲಿ ಅರ್ಧ ಜನಾನ ಮಾರನೇ ವಾರ ತೆಗುದ್ರು."

ಆಟೋ ಹಿಡಿದು ಸೀದಾ ಕಾರ್ಖಾನೆಗೆ. 5:20ಕ್ಕೆ ದಾರಿ ಮುಚ್ಚಿದೆ. ಪಾಸ್‌ವರ್ಡ್ ಮೂರು ಸಲ ತಪ್ಪಾಯಿತು.

ಈಗ ಲಾಗ್ ನೋಡಿದೆ. ಸೆಪ್ಟೆಂಬರ್ 23ರಿಂದ ಶುರು. ದಿನಾ 6:40. ಎರಡು ನಿಮಿಷ, ಎರಡು ನಿಮಿಷ, ಎರಡು ನಿಮಿಷ. 27ರಂದು ಮಾತ್ರ ಹನ್ನೊಂದು ನಿಮಿಷ. ಆ ದಿನ ಪೆಟ್ಟಿಗೆ ದಾಟಿ ಸ್ಟೆರಿಲೈಸರಿನ ಕಂಪ್ಯೂಟರ್‌ವರೆಗೆ ಹೋಗಿದ್ದಾರೆ. ಬಾಟಲಿಗಳನ್ನು ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಬೇಯಿಸಬೇಕೆಂದು ಹೇಳುವುದು ಅದೇ. ಬಿಸಿ ಕಡಿಮೆಯಾದರೆ ಕ್ರಿಮಿ ಸಾಯುವುದಿಲ್ಲ. ಆ ನೀರು ನೇರ ರೋಗಿಯ ರಕ್ತಕ್ಕೆ.

ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ.

ಅಕ್ಟೋಬರ್ 13, ಸೋಮವಾರ

ಲಂಚಿನ ಹೊತ್ತಿಗೆ ದಿನಾ ಒಂದು ಕಥೆ ಹೇಳುವುದು ನನ್ನ ರೂಢಿ, ಅಜ್ಜಿಯಿಂದ ಬಂದದ್ದು.

ಇವತ್ತು ಲಂಚಿನಲ್ಲಿ ಅಂಬುಜಾ ಎಂದಿನಂತೆ, "ಎಲ್ಲೇ ಇವತ್ತಿನ ಕಥೆ?" ಅಂದಳು. ಮಹೇಂದ್ರ ಸರ್ ಮೊಸರನ್ನ ಕಲಸುತ್ತಿದ್ದರು.

ಶುರುಮಾಡಿಬಿಟ್ಟೆ. "ಒಬ್ಳು ಇದ್ಳಂತೆ. ನಂಬಿಕಸ್ಥ ನೆಂಟ ಒಬ್ಬ ಬರ್ತಾನೆ ಅಂತ ಹಿತ್ತಲ ಬಾಗ್ಲು ತೆಗುದ್ಳು. ಎರಡು ಗಂಟೆಗೆ ಮಾತ್ರ. ಮುಚ್ಚೋದು ಮರ್ತುಬುಟ್ಳು. ದಿನಾ ಬೆಳಿಗ್ಗೆ ಹೆಜ್ಜೆ ಸದ್ದು. ನೆಂಟನೇ ಅಂದ್ಕೊಂಡು ಖುಷಿಯಾಗಿದ್ಳು."

"ಆಮೇಲೆ?" ಸರ್ ಕೇಳಿದರು.

"ನೆಂಟ ಅಲ್ಲ ಸರ್."

ಅಂಬುಜಾ ನನ್ನ ಮುಖವನ್ನೇ ನೋಡಿದಳು. "ಆ ಮನೇಲಿ ಏನಿತ್ತೆ?"

"ಸಲೈನ್ ಬಾಟ್ಲಿ."

ಸರ್ ಕೈಯಲ್ಲಿ ಮೊಸರನ್ನ ಹಾಗೇ ಒಣಗಿತು. ಪೂರ್ತಿ ಹೇಳಿದೆ — ತಾರೀಕು, ಹನ್ನೊಂದು ನಿಮಿಷ, ಎಲ್ಲ.

ಅಂಬುಜಾ ಎದ್ದು ಕೈ ತೊಳೆದಳು. ಕ್ವಾಲಿಟಿಯವಳು. ಅವಳ ಸಹಿ ಇಲ್ಲದೆ ಒಂದು ಬಾಟಲಿ ಗೇಟು ದಾಟುವುದಿಲ್ಲ. "ಇನ್ಮೇಲೆ ಏನೂ ಈಚೆ ಹೋಗಲ್ಲ," ಅಂದಳು.

"ಹೋಗಿರೋದು?" ಅಂದೆ.

ಅವಳು ಆಗಲೇ ಬಾಗಿಲ ಕಡೆ ಹೊರಟಿದ್ದಳು.

ಸ್ಟೆರಿಲೈಸರಿನ ನೆಟ್‌ವರ್ಕ್ ಕೇಬಲನ್ನು ಸರ್ ತಾವೇ ಕಿತ್ತರು. ಡೈರೆಕ್ಟರಿಗೆ ಫೋನ್ ಮಾಡಿದರು. ಬಂದು ನನ್ನ ಮುಂದೆ ನಿಂತರು. "ಬಾಗ್ಲು ಮುಚ್ಚಿದ್ಯಲ್ಲಮ್ಮ. ಸುಮ್ನಿದ್ರೆ ಯಾರ್ಗೂ ಗೊತ್ತಾಯ್ತಿರ್ಲಿಲ್ಲ."

"ಕಥೆ ಅರ್ಧಕ್ಕೆ ನಿಲ್ಸಕ್ಕೆ ಬರಲ್ಲ ಸರ್ ನಂಗೆ."

ಅಕ್ಟೋಬರ್ 14, ಬೆಳಿಗ್ಗೆ 6:55

ಆರಕ್ಕೇ ಬಂದೆ. ಕಥೆ ಕೇಳಿದ ಇಬ್ಬರೂ ನನಗಿಂತ ಮೊದಲೇ ಬಂದಿದ್ದರು.

ಮಹೇಂದ್ರ ಸರ್ ಪೆಟ್ಟಿಗೆಯ ಮುಂದೆ. ಒಳಗೆ ಬರಲು ಕೊಟ್ಟಿದ್ದ ಹಳೆಯ ಹೆಸರುಗಳನ್ನು ಒಂದೊಂದಾಗಿ ಅಳಿಸುತ್ತಿದ್ದಾರೆ. ಅದರಲ್ಲೊಂದು ಅವರದೇ: ಮಹಿ ಟೆಸ್ಟ್. ಅವರೂ ಯಾವತ್ತೋ ತೆರೆದು ಮರೆತದ್ದು. ನನ್ನ ಮುಖ ನೋಡಲಿಲ್ಲ. 6:31ಕ್ಕೆ ಅಳಿಸಿದರು.

6:40ಕ್ಕೆ ಪರದೆಯ ಮೇಲೆ ಸಾಲು ಬಂತು. ಟೆಂಪ್ ದಿಲೀಪ್ — ವಿಫಲ. ಅದರ ಕೆಳಗೇ ಇನ್ನೊಂದು. ಮಹಿ ಟೆಸ್ಟ್ — ವಿಫಲ. ಸರ್ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು.

ಅಂಬುಜಾ ನೆಲದ ಮೇಲೆ. ಸ್ಟೆರಿಲೈಸರಿನ ಪಕ್ಕದಲ್ಲಿ ಹಳೆಯ ಕಾಲದ ಪೆನ್ನಿನ ಯಂತ್ರವೊಂದಿದೆ. ಬಿಸಿಯ ಗೆರೆಯನ್ನು ಕಾಗದದ ಸುರುಳಿಯ ಮೇಲೆ ತಾನೇ ಎಳೆಯುತ್ತಾ ಹೋಗುತ್ತದೆ. ಹೊರಗಿನಿಂದ ಯಾರೂ ಅದನ್ನು ಮುಟ್ಟಲಾರರು. ಸುರುಳಿಗಳನ್ನು ಹಾಸಿಕೊಂಡು ಕಂಪ್ಯೂಟರಿನ ಲೆಕ್ಕದ ಜೊತೆ ತಾಳೆ ನೋಡುತ್ತಿದ್ದಾಳೆ.

"ಪವಿತ್ರಾ, ಬಾರೆ ಇಲ್ಲಿ. ಇಪ್ಪತ್ತೇಳು."

ಕಂಪ್ಯೂಟರಿನಲ್ಲಿ, ಇರಬೇಕಾದ ಹಾಗೆಯೇ, 121 ಡಿಗ್ರಿ. ಕಾಗದದ ಗೆರೆ 108ರ ಹತ್ತಿರವೇ ಮಲಗಿಬಿಟ್ಟಿದೆ.

ಆ ದಿನ ಬೇಯಿಸಿದ ಬಾಟಲಿಗಳ ಲಾಟಿನ ಕಾಗದಕ್ಕೆ ಅವಳು ಮೊನ್ನೆ ಶನಿವಾರ ಸಹಿ ಹಾಕಿದ್ದಾಳೆ. ಲಾರಿ ಹೊರಟಿದೆಯೋ ಇಲ್ಲವೋ ಗೊತ್ತಿಲ್ಲ. ಗೋಡೌನಿಗೆ ಫೋನ್ ಮಾಡಿದ್ದಾಳೆ. ರಿಂಗ್ ಆಗುತ್ತಿದೆ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಎತ್ತಿದರು. ಅಂಬುಜಾ ಲಾಟ್ ನಂಬರ್ ಹೇಳುತ್ತಿದ್ದಾಳೆ, ಒಂದೊಂದೇ ಅಂಕಿ. ಆ ಕಡೆಯಿಂದ, "ತಡೀರಿ ಮೇಡಂ, ಲಾರಿ ಐತಾ ನೋಡ್ಬುಟ್ಟು ಹೇಳ್ತೀನಿ."